36 ಕಿಲೋಮೀಟರ್ ದಾರೀನ 80 ಕಿಲೋಮೀಟರ್ ಮಾಡಿದ ದಿನ: ತುಮಕೂರು, ಗುಬ್ಬಿ, ಕುಣಿಗಲ್

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, 1.5 ಸ್ಪೀಡಲ್ಲಿ ಇಟ್ಕೊಂಡಿರೋರು... ಇವತ್ತೊಂದಿನ ನಾರ್ಮಲ್ ಸ್ಪೀಡಿಗೆ ಬನ್ನಿ. ಯಾಕಂದ್ರೆ ಇವತ್ತಿನ ಕಥೆ ನಡೆದಿದ್ದೇ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ. ಮಧ್ಯಾಹ್ನದ ಮೇಲೆ ಅದೂ ಇಲ್ಲ.

ಹೋದ ಡಿಸೆಂಬರಲ್ಲಿ ನಾನು ಮತ್ತು ನನ್ನ ಫ್ರೆಂಡ್ ಸೈಕಲ್ಲಲ್ಲಿ ತುಮಕೂರಿಂದ ಮೈಸೂರಿಗೆ ಹೋದ್ವಿ. ಮೂರು ದಿನದ ಟೂರ್. ಎರಡನೇ ದಿನ, ಮೂರನೇ ದಿನದ ಬಗ್ಗೆ ಇನ್ನೊಮ್ಮೆ ಮಾತಾಡ್ತೀನಿ. ಇವತ್ತು ಬರೀ ಮೊದಲನೇ ದಿನ. ಎಪಿಸೋಡ್ ಮಾಡ್ಲಾ ಅಂತ ಅವನನ್ನ ಕೇಳ್ದಾಗ, 'ಮಾಡು, ನನ್ನ ಹೆಸರು ಬೇಡ' ಅಂದ. ಮತ್ತೆ ಏನಂತ ಕರೀಲಿ ಅಂದೆ. 'ಸಾಲಗಾರ ಅಂತ ಕರಿ' ಅಂದ.

ನಮ್ಮ ಭಾಷೇಲಿ ಇದೊಂದು ಮಜಾ ಇದೆ ನೋಡಿ. ಸಾಲ ತಗೊಂಡವನೂ ಸಾಲಗಾರ, ವಾಪಸ್ ಕೇಳೋಕೆ ಮನೆ ಬಾಗಿಲಿಗೆ ಬಂದು ನಿಲ್ಲೋನೂ ಸಾಲಗಾರ. ಬಿ.ಕಾಂ.ನಲ್ಲಿ ಇಬ್ಬರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೀಬೇಕು ಅಂತ ಮೂರು ವರ್ಷ ಹೇಳ್ಕೊಟ್ಟಿದ್ರು. ಇರ್ಲಿ. ನಾನು ಅವನನ್ನ 'ಇವನು' ಅಂತಾನೇ ಕರೀತೀನಿ.

ಕಾಲೇಜಲ್ಲಿದ್ದಾಗ ನಾವಿಬ್ರೂ ಸೈಕಲ್ ಹುಚ್ಚರು. ಭಾನುವಾರ ಬೆಳಗ್ಗೆ ದೇವರಾಯನದುರ್ಗ ಹತ್ತೋದು, ನಾಮದ ಚಿಲುಮೆ ಹತ್ರ ನೀರು ಕುಡಿದು ವಾಪಸ್ ಬರೋದು, ಇದು ಫಿಕ್ಸ್. ಆಮೇಲೆ ಅವನು ಕೆಲಸಕ್ಕೆ ಸೇರ್ದ, ನಾನು ಮೈಕ್ ಮುಂದೆ ಕೂತೆ. ಈ ಮೈಕ್ ಇದೆಯಲ್ಲ, ಈಗ ನೀವು ನನ್ನ ದನಿ ಕೇಳ್ತಿರೋ ಮೈಕ್, ಇದನ್ನೂ ಇದರ ಜೊತೆಗಿರೋ ಡಬ್ಬಾನೂ ಕೊಳ್ಳೋಕೆ ದುಡ್ಡು ಕೊಟ್ಟಿದ್ದು ಇವನೇ. 35,000 ರೂಪಾಯಿ. ಮೂರು ತಿಂಗಳಲ್ಲಿ ಕೊಡ್ತೀನಿ ಅಂದಿದ್ದೆ. ಟೂರ್ ಹೊರಡೋ ಹೊತ್ತಿಗೆ ಹದಿನಾಲ್ಕು ತಿಂಗಳಾಗಿತ್ತು. ಅವನು ಒಂದು ಸಲಾನೂ ಕೇಳಿರ್ಲಿಲ್ಲ. ಕೇಳಿದ್ರೆ ಚೆನ್ನಾಗಿರ್ತಿತ್ತು ಅಂತ ಈಗ ಅನ್ಸುತ್ತೆ. ಕೇಳದೇ ಇದ್ದಿದ್ದಕ್ಕೆ ನಾನು ಏನ್ ಮಾಡ್ದೆ ಗೊತ್ತಾ? ಅವನ ಫೋನ್ ತೆಗೆಯೋದನ್ನೇ ನಿಲ್ಲಿಸ್ದೆ. ಮೊದ್ಲು ಒಂದೊಂದ್ಸಲ, ಆಮೇಲೆ ಪೂರ್ತಿ.

ಹಾಗಾಗಿ ನವೆಂಬರಲ್ಲಿ 'ಡಿಸೆಂಬರ್ ಮೂರು ದಿನ, ಮೈಸೂರು, ಸೈಕಲ್, ಬರ್ತೀಯಾ?' ಅಂತ ಅವನ ಮೆಸೇಜ್ ಬಂದಾಗ, ಇದು ವಸೂಲಿ ಅಂತಾನೇ ಅಂದ್ಕೊಂಡೆ. ಆದ್ರೂ ಬರ್ತೀನಿ ಅಂದೆ.

ಬೆಳಗ್ಗೆ ಐದೂಮುಕ್ಕಾಲಿಗೆ ತುಮಕೂರು ಟೌನ್‌ಹಾಲ್ ಹತ್ರ ಸೇರಿದ್ವಿ. ಚಳಿ ಅಂದ್ರೆ ಚಳಿ. ತಟ್ಟೆ ಇಡ್ಲಿ ತಿಂದು ಹೋಗಣ ಅಂತ ನಾನು, ಕ್ಯಾತ್ಸಂದ್ರ ಉಲ್ಟಾ ದಿಕ್ಕು ಅಂತ ಅವನು. ಸರಿ, ದಿಕ್ಕಿನ ವಿಷಯ ಬಂತಲ್ಲ, ಹೇಳ್ಬಿಡ್ತೀನಿ. ತುಮಕೂರಿಂದ ಕುಣಿಗಲ್ಲಿಗೆ ನೇರ ರಸ್ತೆ ಇದೆ. ಗೂಳೂರು, ನಾಗವಲ್ಲಿ, ಹೆಬ್ಬೂರು, ಕುಣಿಗಲ್. 36 ಕಿಲೋಮೀಟರ್, ಮಧ್ಯಾಹ್ನದೊಳಗೆ ಮುಗೀತಿತ್ತು. ದಾರೀಲಿ ಗೂಳೂರು ಹತ್ರಾನೇ ಕೈದಾಳ ಇದೆ, ಜಕಣಾಚಾರಿ ಊರು ಅಂತ ಹೇಳೋದು, ಆ ಚೆನ್ನಕೇಶವನ ಗುಡಿ ನೋಡ್ಕೊಂಡೂ ಹೋಗ್ಬಹುದಿತ್ತು. ಇವನು ಮಾತ್ರ 'ಗುಬ್ಬಿ ಮೇಲೆ ಹೋಗಣ, ಮನೇಲಿ ತಿಂಡಿ ತಿನ್ಕೊಂಡು' ಅಂದ. ಗುಬ್ಬಿ ಇರೋದು ಪಶ್ಚಿಮಕ್ಕೆ, ಕುಣಿಗಲ್ ಇರೋದು ದಕ್ಷಿಣಕ್ಕೆ. ಗುಬ್ಬಿ, ಕಡಬ, ಸಿ.ಎಸ್. ಪುರ, ಅಲ್ಲಿಂದ ಹಳ್ಳಿ ರಸ್ತೆ ಹಿಡಿದು ಕುಣಿಗಲ್ ಅಂದ್ರೆ 80ರ ಆಸುಪಾಸು. ಒಂದು ತಿಂಡಿಗೋಸ್ಕರ ನಲವತ್ತು ಚಿಲ್ರೆ ಕಿಲೋಮೀಟರ್ ಎಕ್ಸ್ಟ್ರಾ. ಯಾವ ಆಡಿಟರೂ ಪಾಸ್ ಮಾಡಲ್ಲ ಈ ಬಿಲ್ಲನ್ನ.

ಬಿ.ಎಚ್. ರಸ್ತೆ ಹಿಡಿದು ಹೊರಟ್ವಿ. ಬೆಂಗಳೂರು-ಹೊನ್ನಾವರ ರಸ್ತೆ ಅಂತ ಅದರ ಪೂರ್ತಿ ಹೆಸರು. ತುಮಕೂರಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನ ಬಿ.ಎಚ್. ಅಂದ್ರೆ ಏನು ಅಂತ ಕೇಳಿದ್ರೆ ತಡವರಿಸ್ತಾರೆ, ಟೆಸ್ಟ್ ಮಾಡಿ ನೋಡಿ. ಹೆಗ್ಗೆರೆ, ಮಲ್ಲಸಂದ್ರ ದಾಟೋವರೆಗೂ ಕತ್ತಲೆ. ಹಿಂದುಗಡೆ ಕೆಂಪು ಬ್ಲಿಂಕರ್ ಹಾಕ್ಕೊಂಡು, ಬಿಳಿ ಗೆರೆಯಿಂದ ಆಚೆ, ಒಬ್ಬರ ಹಿಂದೆ ಒಬ್ಬರು. ಹೈವೇಲಿ ಜೋಡಿಯಾಗಿ ಹೋಗೋಕಾಗಲ್ಲ, ಹೋಗಲೂಬಾರ್ದು. ಅಂದ್ರೆ ಮಾತಿಲ್ಲ. ಅವನ ಬೆನ್ನು, ಅವನ ಬ್ಲಿಂಕರ್, ಅಷ್ಟೇ. ನನಗೆ ಅದು ತುಂಬಾ ಹಿತವಾಗಿತ್ತು. ಹಿಂದಿನಿಂದ ಮೂಡಗಾಳಿ ಬೇರೆ ತಳ್ತಿತ್ತು. ಇದೇ ಗಾಳಿ ಮಧ್ಯಾಹ್ನ ಎದೆಗೆ ಒದೆಯುತ್ತೆ ಅನ್ನೋದು ಆಗ ತಲೆಗೆ ಬರ್ಲಿಲ್ಲ. ಇಪ್ಪತ್ತು ಕಿಲೋಮೀಟರು ಒಂದೂಕಾಲು ಗಂಟೇಲಿ.

ಗುಬ್ಬಿ ಬಗ್ಗೆ ಹೇಳೋಕೆ ಹೋದ್ರೆ ಅದೇ ಒಂದು ಎಪಿಸೋಡ್ ಆಗುತ್ತೆ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಆಮೇಲೆ ಅದನ್ನ ಬೆಳೆಸಿದ್ದು ಗುಬ್ಬಿ ವೀರಣ್ಣ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಇವರೆಲ್ಲ ಆ ಕಂಪನಿಯ ನೆರಳಲ್ಲಿ ಬಂದೋರೇ. ಈಗ ಗುಬ್ಬಿ ಅಂದ್ರೆ ಹೊಸ ಹುಡುಗರಿಗೆ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ. ಬಿದರೆಹಳ್ಳ ಕಾವಲಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತಲ್ಲ, ಅದು. ನಾವು ಊರೊಳಗೆ ಬಂದಾಗ ಬಸ್ ಸ್ಟ್ಯಾಂಡಲ್ಲಿ ಹೂವಿನೋರು ಬುಟ್ಟಿ ಇಳಿಸ್ತಿದ್ರು, ಅಷ್ಟೇ ನೋಡಿದ್ದು.

ಇವನ ಮನೆ ಗುಬ್ಬಿಯಿಂದ ಸ್ವಲ್ಪ ಆಚೆ, ತೆಂಗಿನ ತೋಟದ ಪಕ್ಕ. ಅವರಮ್ಮ ಅಕ್ಕಿರೊಟ್ಟಿ ತಟ್ಟಿದ್ರು, ಅವರೆಕಾಳು ಸಾರು. ಸೊಗಡು ಅವರೆ, ಅದರ ವಾಸನೆ ಬಾಗಿಲಿಗೇ ಬರ್ತಿತ್ತು. ಅವರಪ್ಪ ಜಗಲಿ ಮೇಲೆ ಸ್ವೆಟರ್ ಹಾಕ್ಕೊಂಡು ಕೂತಿದ್ರು. ನಾನು ನೋಡಿದ್ದ ಮನುಷ್ಯ ಅಲ್ಲವೇ ಅಲ್ಲ. ಅರ್ಧ ಆಗಿದ್ರು. 'ಏನ್ ಮಗಾ, ಇತ್ತಾಗೆ ಬರದೇ ಬಿಟ್ಬುಟ್ಟಲ್ಲ' ಅಂದ್ರು. 'ಕೆಲಸ ಅಂಕಲ್' ಅಂದೆ. 'ನಿನ್ ಮಾತು ಕೇಳ್ತೀನಪ್ಪ ಮೊಬೈಲಲ್ಲಿ. ಮಗ ಹಾಕ್ಕೊಡ್ತಾನೆ' ಅಂದ್ರು. ನಾನು ರೊಟ್ಟಿ ಕಡೆ ನೋಡ್ದೆ. ನಾಲ್ಕು ರೊಟ್ಟಿ ತಿಂದೆ, ರುಚಿ ಏನು ಅಂತ ಈಗ ಕೇಳಿದ್ರೆ ಹೇಳೋಕೆ ಬರಲ್ಲ.

ಯಾಕೆ ಅಂತ ಆಮೇಲೆ ಹೇಳ್ತೀನಿ. ಆಗ ನಾನೂ ಆಮೇಲೆ ಅಂತಾನೇ ಅಂದ್ಕೊಂಡಿದ್ದೆ.

ಗುಬ್ಬಿ ಬಿಟ್ಟು ಕಡಬದ ಕಡೆ ತಿರುಗಿದ್ರೆ ರಸ್ತೆ ಸಣ್ಣದಾಗುತ್ತೆ, ಲಾರಿ ಕಮ್ಮಿಯಾಗುತ್ತೆ, ಎರಡೂ ಕಡೆ ತೆಂಗು, ಅಡಿಕೆ. ಇಲ್ಲಿ ಜೋಡಿಯಾಗಿ ಹೋಗ್ಬಹುದು. ಅವನು ಪಕ್ಕಕ್ಕೆ ಬಂದ. ನಾನು ಒಂದು ಹಲ್ಲು ಇಳಿಸಿ ಮುಂದೆ ಹೋದೆ. ಮತ್ತೆ ಬಂದ. ಮತ್ತೆ ಮುಂದೆ ಹೋದೆ. ಕಡಬದ ಕೆರೆ ದೊಡ್ಡದು. ಶಿಂಷಾ ನದಿಗೆ ಕಟ್ಟೆ ಹಾಕಿ ಮಾಡಿರೋದು, ರಾಮ ಕಟ್ಟಿಸಿದ್ದು ಅಂತ ಊರ ಕಥೆ. ನಮ್ಮ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟೋ ಅದೇ ಶಿಂಷಾ, ಇಲ್ಲಿ ನಿಂತು, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮಿಗೆ ಹೋಗುತ್ತೆ. ಅಂದ್ರೆ ನಾವು ಹೋಗ್ತಿದ್ದ ದಿಕ್ಕಿಗೇ ನೀರೂ ಹೋಗ್ತಿತ್ತು. ಏರಿ ಮೇಲೆ ಐದು ನಿಮಿಷ ನಿಂತ್ವಿ, ಬಾಳೆಹಣ್ಣು ತಿಂದ್ವಿ, ನೀರಕಾಗೆ ನೋಡಿದ್ವಿ.

ನೀರಿನ ವಿಷಯಕ್ಕೆ ಜಗಳ ಆಗಿದ್ದು ಹೇಮಾವತಿ ನಾಲೆ ಹತ್ರ. ನಾನು ಸೇತುವೆ ಮೇಲೆ ಸೈಕಲ್ ನಿಲ್ಲಿಸಿ ವಿಡಿಯೋ ತೆಗೀತಿದ್ದೆ. ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ: ಹಾಸನದ ಗೊರೂರು ಡ್ಯಾಮಿಂದ ಹೇಮಾವತಿ ನೀರು ನಾಲೇಲಿ ತುಮಕೂರು ಜಿಲ್ಲೆಗೆ ಬರುತ್ತೆ. ತುಮಕೂರು ಸಿಟಿ ಕುಡಿಯೋದೂ ಅದೇ ನೀರು, ಬುಗುಡನಹಳ್ಳಿ ಕೆರೆಗೆ ತುಂಬಿಸಿ. ಈ ನಾಲೆಯ ಕೊನೇಲಿರೋದು ಕುಣಿಗಲ್. ಕೊನೇಲಿರೋರಿಗೆ ನೀರು ಸರಿಯಾಗಿ ಮುಟ್ಟಲ್ಲ ಅಂತ, ಮೇಲಿಂದಲೇ ಕುಣಿಗಲ್ಲಿಗೆ ಪೈಪಲ್ಲಿ ನೀರು ತಗೊಂಡು ಹೋಗೋ ಯೋಜನೆ, ಅದೇ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ಗುಬ್ಬಿ ಕಡೆ ರೈತರು ಬೇಡ ಅಂತಾರೆ, ನಮ್ಮ ಪಾಲು ನಮಗೆ ಸಿಗೋಕೆ ಮುಂಚೆನೇ ಪೈಪಿಗೆ ಹೋಗ್ಬಿಡುತ್ತೆ ಅಂತ. 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಹತ್ರ ದೊಡ್ಡ ಪ್ರತಿಭಟನೇನೇ ಆಯ್ತು.

ನಮ್ಮಮ್ಮನ ತವರು ಕುಣಿಗಲ್ ತಾಲ್ಲೂಕು. ಮಾವಂದಿರು ಕೊರೆಸಿದ ಬೋರ್‌ವೆಲ್ ಲೆಕ್ಕ ನಾನು ಬಾಯಿಪಾಠ ಹೇಳ್ತೀನಿ. ಅದಕ್ಕೇ 'ಕೊನೇಲಿರೋರ್ಗೂ ಬಾಯಾರುತ್ತೆ ಕಣೋ' ಅಂದೆ. ಅವನು 'ಯಾರ್ ಬೇಡ ಅಂದ್ರು? ನಾಲೇಲಿ ಬರೋದು ಕಣ್ಣಿಗೆ ಕಾಣುತ್ತೆ. ಪೈಪಲ್ಲಿ ಎಷ್ಟು ಹೋಯ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?' ಅಂದ. ಹೀಗೇ ಇಪ್ಪತ್ತು ನಿಮಿಷ. ದನಿ ಏರ್ತು. ಎಮ್ಮೆ ಹೊಡ್ಕೊಂಡು ಬಂದ ಅಜ್ಜಿ ಒಬ್ಬರು 'ಏನ್ರಪ್ಪಾ, ನೀರೊಳಗೆ ಏನಾರ ಬಿತ್ತಾ?' ಅಂತ ಇಣುಕಿ ನೋಡಿದ್ರು. ಸತ್ಯ ಹೇಳ್ಬೇಕಂದ್ರೆ, ಅವನ ಜೊತೆ ಆ ಜಗಳ ನನಗೆ ಖುಷಿ ಕೊಡ್ತು. ಬೇರೆ ಮಾತು ಬರದಂತೆ ಅದು ತಡೀತಿತ್ತು.

ಇಲ್ಲಿಂದ ಮುಂದೆ ಕಥೆ ಕೆಟ್ಟಿದ್ದು. ಡಿಸೆಂಬರಲ್ಲಿ ಹಳ್ಳಿ ರಸ್ತೇಲಿ ಸೈಕಲ್ ಓಡಿಸೋ ಪ್ಲ್ಯಾನ್ ಇರೋರು ಸ್ವಲ್ಪ ಕಿವಿಗೊಟ್ಟು ಕೇಳಿ. ಆ ಟೈಮಲ್ಲಿ ಟಾರ್ ರಸ್ತೇನೇ ಕಣ. ರಾಗಿ ತೆನೆ, ಹುರುಳಿ ಬಳ್ಳಿ ಎಲ್ಲ ರಸ್ತೆ ಮೇಲೆ ಹರಡಿರ್ತಾರೆ, ಓಡಾಡೋ ಗಾಡಿಗಳ ಚಕ್ರವೇ ರೋಣಗಲ್ಲು. ಕಾರಿಗೆ ಏನೂ ಆಗಲ್ಲ. ಬೈಕಿಗೆ ಜಾರುತ್ತೆ. ಗೇರ್ ಸೈಕಲ್ಲಿಗೆ? ಇವನು ಇಳಿದು ತಳ್ಕೊಂಡು ಬಂದ. 'ಇಳಿಯೋ' ಅಂತ ಕೂಗಿದ್ದೂ ಕೇಳಿಸ್ತು. ಆದ್ರೆ ನಾನು ಅವನಿಂದ ಮುಂದೆ ಇರ್ಬೇಕಿತ್ತಲ್ಲ. ಹುರುಳಿ ಮೇಲೇ ತುಳಿದೆ.

ಹುರುಳಿ ಬಳ್ಳಿ ಹಗ್ಗದ ಥರ ಹಿಂದಿನ ಚಕ್ರಕ್ಕೆ ಸುತ್ಕೊಂತು. ಡಿರೇಲರ್ ಅಂತ ಇರುತ್ತೆ, ಚೈನನ್ನ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ತಳ್ಳೋ ಪುಟ್ಟ ಕೈ. ಅದು ಒಳಗೆ ಮಡಚ್ಕೊಂಡು ಕಡ್ಡಿಗಳ ಮಧ್ಯೆ ಸಿಕ್ಕಿ 'ಟಕ್' ಅಂತು. ಅದನ್ನ ಫ್ರೇಮಿಗೆ ಹಿಡಿದಿಡೋ ಒಂದು ಸಣ್ಣ ಅಲ್ಯೂಮಿನಿಯಂ ತುಂಡು ಇರುತ್ತೆ, ಹ್ಯಾಂಗರ್ ಅಂತ. ಫ್ರೇಮ್ ಉಳೀಲಿ ಅಂತ ಮೊದ್ಲು ಅದೇ ಮುರಿಯೋ ಹಾಗೆ ಮೆತ್ತಗೆ ಮಾಡಿರ್ತಾರೆ. ಮುರೀತು. ಬೇರೆ ಹ್ಯಾಂಗರ್ ಜೊತೇಲಿಟ್ಕೊಂಡು ಹೋಗಿ ಅಂತ ಎಲ್ಲ ಯೂಟ್ಯೂಬ್ ವಿಡಿಯೋದಲ್ಲೂ ಹೇಳ್ತಾರೆ. ಇನ್ನೂರು ಮುನ್ನೂರು ರೂಪಾಯಿ ವಸ್ತು. ನಾನು ತಗೊಂಡಿರ್ಲಿಲ್ಲ, ಉಳಿತಾಯ ಅಂತ. ಕಾಮರ್ಸ್ ಸ್ಟೂಡೆಂಟ್ ನೋಡಿ.

ಹುರುಳಿ ಹರಡಿದ್ದ ರೈತರು ಓಡಿ ಬಂದ್ರು, ಬೈತಾರೆ ಅಂದ್ಕೊಂಡೆ. ಅವರೇ ಕುಡುಗೋಲು ತಂದು ಬಳ್ಳಿ ಬಿಡಿಸಿ ಕೊಟ್ರು. ಸಿ.ಎಸ್. ಪುರಕ್ಕೆ ಇನ್ನೂ ನಾಲ್ಕು ಕಿಲೋಮೀಟರ್. ತಳ್ಳಿದ್ವಿ. ಅವನ ಸೈಕಲ್ ಸರಿಯಾಗೇ ಇತ್ತು, ಮುಂದೆ ಹೋಗಿ ನೆರಳಲ್ಲಿ ಕೂರ್ಬಹುದಿತ್ತು. ಹೋಗ್ಲಿಲ್ಲ.

ಅಲ್ಲೊಂದು ಸೈಕಲ್ ಶಾಪ್. ಸೈಕಲ್ ಶಾಪ್ ಅಂತ ಬೋರ್ಡ್ ಇದೆ, ಒಳಗೆಲ್ಲ ಎಕ್ಸೆಲ್ ಮೊಪೆಡ್. ಅರವತ್ತು ದಾಟಿದ ಯಜಮಾನರು. ನನ್ನ ಸೈಕಲ್ ನೋಡಿ 'ಇದೇನ್ ಸ್ವಾಮಿ, ಕರುಳು ಹೊರಗಿಟ್ಕೊಂಡೈತೆ' ಅಂದ್ರು. ಡಿರೇಲರ್ ಪೂರ್ತಿ ಬಿಚ್ಚಿ ನನ್ನ ಕೈಗೆ ಕೊಟ್ರು. ಆಮೇಲೆ ಒಂದು ಕಣ್ಣು ಮುಚ್ಚಿ, ಮುಂದಿನ ಹಲ್ಚಕ್ರಕ್ಕೆ ನೇರವಾಗಿ ಹಿಂದೆ ಯಾವ ಹಲ್ಚಕ್ರ ಬರುತ್ತೆ ಅಂತ ನೋಡಿದ್ರು. ಹಳೇ ಚೈನ್ ಪಂಚು, ಸಣ್ಣ ಸುತ್ತಿಗೆ. ಚೈನಿನ ಪಿನ್ ತಳ್ಳಿ, ಅಷ್ಟುದ್ದ ಕತ್ತರಿಸಿ, ಬಿಗಿ ಮಾಡಿ ಜೋಡಿಸಿದ್ರು. ಇಪ್ಪತ್ತೈದು ನಿಮಿಷದಲ್ಲಿ ನನ್ನ ಇಪ್ಪತ್ತೇಳು ಗೇರ್ ಸೈಕಲ್ಲು ಒಂದೇ ಗೇರಿನ ಸೈಕಲ್ಲಾಯ್ತು. 'ಏರಲ್ಲಿ ಎದ್ದು ನಿಂತು ತುಳೀಬೇಡಿ, ಚೈನ್ ಹಾರುತ್ತೆ. ಇಳಿದು ತಳ್ಳಿ' ಅಂದ್ರು. ಎಷ್ಟು ಅಂತ ಕೇಳಿದ್ರೆ, ಅರವತ್ತು ರೂಪಾಯಿ.

ಫೋನ್ ತೆಗೆದೆ, ನೆಟ್‌ವರ್ಕ್ ಇಲ್ಲ. ಜೇಬಲ್ಲಿ ಕ್ಯಾಶ್ ಇಲ್ಲ. ಇವನು ನೂರು ರೂಪಾಯಿ ನೋಟು ಕೊಟ್ಟು, ಚಿಲ್ರೆ ಬೇಡ ಅಂದ. ನನ್ನ ಕಡೆ ತಿರುಗಿ ನಕ್ಕೊಂಡು 'ಬರ್ಕೋ' ಅಂದ. ಕಾಲೇಜಲ್ಲಿ ಟೀ ದುಡ್ಡಿಗೆಲ್ಲ ಹೇಳ್ತಿದ್ದ ಮಾತು ಅದು. 'ಬರ್ಕೊಂಡಿದೀನಿ ಕಣೋ, 35,000, ಈಗ 35,100, ಕೊಡ್ತೀನಿ, ಓಡ್ಹೋಗಲ್ಲ' ಅಂತ ಕೂಗ್ಬಿಟ್ಟೆ. ಶಾಪಿನ ಯಜಮಾನರು ರೇಡಿಯೋ ಸೌಂಡ್ ಕಮ್ಮಿ ಮಾಡಿದ್ರು.

ಅವನು ಏನೂ ಮಾತಾಡ್ಲಿಲ್ಲ. ಊರು ದಾಟಿದ ಮೇಲೆ ಒಂದು ಏರು ಬಂತು. ಇಳಿದೆ. ಅವನೂ ಇಳಿದ. ಸೈಕಲ್ ತಳ್ಳೋವಾಗ ಮುಂದೆ ಓಡೋಕಾಗಲ್ಲ, ಅದು ನನಗೆ ಹೊಳೆದೇ ಇರ್ಲಿಲ್ಲ. ಎದುರುಗಾಳಿ ಬೇರೆ. ಆಗ ಕೇಳ್ದ: 'ಫೆಬ್ರವರೀಲಿ ಅಪ್ಪನ್ನ ತುಮಕೂರಲ್ಲಿ ಅಡ್ಮಿಟ್ ಮಾಡ್ದಾಗ ನಿಂಗೆ ಮೂರ್ ಸಲ ಫೋನ್ ಮಾಡ್ದೆ.'

ಹೌದು. ಅವರಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದ್ರು. ಮೂರು ಮಿಸ್ಡ್ ಕಾಲ್ ನೋಡಿ, ಮಾರನೇ ದಿನ 'ಊರಲ್ಲಿಲ್ಲ ಮಚ್ಚಾ, ಏನಾಯ್ತು?' ಅಂತ ಮೆಸೇಜ್ ಹಾಕಿದ್ದೆ. ನಾನು ತುಮಕೂರಲ್ಲೇ ಇದ್ದೆ. ಆಸ್ಪತ್ರೆಯಿಂದ ಎರಡು ಕಿಲೋಮೀಟರ್. ಎಪಿಸೋಡ್ ಎಡಿಟ್ ಮಾಡ್ತಾ ಕೂತಿದ್ದೆ.

'ಗೊತ್ತು' ಅಂದ ಅವನು. 'ಆವತ್ತು ರಾತ್ರಿ ನೀನು ಸ್ಟೋರಿ ಹಾಕಿದ್ದೆ. ಮೈಕ್ ಫೋಟೋ. ಲೊಕೇಶನ್ ತುಮಕೂರು.'

ಆಸ್ಪತ್ರೆ ಖರ್ಚಿಗೆ ದುಡ್ಡು ಕೇಳ್ತಾನೆ ಅಂತ ಭಯ ಆಯ್ತು ಕಣೋ, ನನ್ನ ಹತ್ರ ಇರ್ಲಿಲ್ಲ ಅಂದೆ. ನಿಜಾನೇ ಹೇಳ್ದೆ, ಬೇರೆ ಏನ್ ಹೇಳ್ಲಿ. ಅವನು ಸ್ವಲ್ಪ ದೂರ ಸುಮ್ನೆ ನಡೆದ. 'ದುಡ್ಡು ಚಿಕ್ಕಪ್ಪ ತಂದಿದ್ರು. ನಾನು ಎರಡ್ ದಿನದಿಂದ ಐಸಿಯು ಹೊರಗಡೆ ಒಬ್ನೇ ಕೂತಿದ್ದೆ. ಅರ್ಧ ಗಂಟೆ ಯಾರಾದ್ರೂ ಬಂದು ಕೂತ್ರೆ ಹೋಗಿ ಸ್ನಾನ ಮಾಡ್ಕೊಂಡ್ ಬರಣ ಅಂತಿದ್ದೆ. ಅಷ್ಟೇ.'

ಅದಾದ್ಮೇಲೆ ಕುಣಿಗಲ್ ತನಕ ಸುಮಾರು ಮೂವತ್ತು ಕಿಲೋಮೀಟರ್ ಇತ್ತು. ಏರಲ್ಲಿ ತಳ್ಳಿದ್ವಿ, ಇಳಿಜಾರಲ್ಲಿ ಬಿಟ್ವಿ, ಮಟ್ಟ ರಸ್ತೇಲಿ ಒಂದೇ ಗೇರಲ್ಲಿ ತುಳಿದ್ವಿ. ಎರಡು ಸಲ ಚೈನ್ ಬಿತ್ತು. ಎರಡು ಸಲಾನೂ ಅವನೇ ಹಾಕ್ದ, ನನಗೆ ಕೈ ನಡುಗ್ತಿತ್ತು, ಮಧ್ಯಾಹ್ನ ಊಟ ಮಾಡದೇ ಇದ್ದಿದ್ದಕ್ಕೋ ಏನೋ. ಸಾರಿ ಕೇಳಿದ್ನಾ ಅಂತ ನೀವು ಕಾಮೆಂಟಲ್ಲಿ ಕೇಳ್ತೀರ, ಅದಕ್ಕೇ ಹೇಳ್ತೀನಿ. ಕೇಳ್ದೆ. 'ಹೂಂ' ಅಂದ. ಪರವಾಗಿಲ್ಲ ಅಂತ ಹೇಳ್ಲಿಲ್ಲ. ಹಾಗಂದಿದ್ರೆ ನಾನು ನಂಬ್ತಿರ್ಲಿಲ್ಲ.

ಸೂರ್ಯ ಮುಳುಗೋ ಹೊತ್ತಿಗೆ ಕುಣಿಗಲ್ ದೊಡ್ಡಕೆರೆ. ಈ ಕೆರೆ ಮೇಲೆ ಜನಪದ ಹಾಡೇ ಇದೆ, ನಿಮ್ಮೆಲ್ಲರ ಸ್ಕೂಲ್ ಡೇಲಿ ಯಾರಾದ್ರೂ ಅದಕ್ಕೆ ಕುಣಿದಿರ್ತಾರೆ. ಇವನು ಏರಿ ಮೇಲೆ ನಿಂತು ನೀರು ನೋಡಿ 'ಇಷ್ಟ್ ಇದ್ರೂ ನಮ್ದು ಬೇಕಾ ನಿಮ್ಗೆ?' ಅಂದ. 'ಒಂದು ಕೆರೆ ನೋಡಿ ತಾಲ್ಲೂಕು ಅಳೀಬೇಡ' ಅಂದೆ. ಬೆಳಗ್ಗೆ ಬಿಟ್ಟಲ್ಲಿಂದಾನೇ ಜಗಳ ಮುಂದುವರೀತು. ಟಿಪ್ಪು ಕಾಲದಿಂದ ಇರೋ ಕುದುರೆ ಫಾರಂ ನೋಡ್ಬೇಕು ಅಂತ ಪ್ಲ್ಯಾನ್ ಇತ್ತು, ಕತ್ತಲಾಯ್ತು, ಬಿಟ್ವಿ.

ಲಾಡ್ಜಲ್ಲಿ ನೆಟ್‌ವರ್ಕ್ ಬಂತು. ಅವನಿಗೆ 5,000 ಕಳಿಸ್ದೆ. ತಿಂಗಳಿಗೆ ಐದೈದು, ಏಳು ಕಂತು, ಏಳನೇದ್ರಲ್ಲಿ ನೂರು ಜಾಸ್ತಿ ಅಂತ ಮೆಸೇಜಲ್ಲಿ ಬರೆದೆ. ಪಕ್ಕದ ಮಂಚದಲ್ಲೇ ಮಲಗಿದ್ದ. ಮೆಸೇಜ್ ಓದಿ ಹೆಬ್ಬೆಟ್ಟು ಕಳಿಸ್ದ. ಈ ಎಪಿಸೋಡ್ ರೆಕಾರ್ಡ್ ಮಾಡೋ ಹೊತ್ತಿಗೆ ಎರಡು ಕಂತು ಹೋಗಿದೆ.

ಆಮೇಲೆ ಅವನ ಫೋನ್ ಇಸ್ಕೊಂಡು ಅವರಪ್ಪನಿಗೆ ಕಾಲ್ ಮಾಡ್ದೆ. ಹತ್ತು ತಿಂಗಳ ಹಿಂದೆ ಮಾಡ್ಬೇಕಿದ್ದ ಕಾಲ್. ಏನೇನೋ ಹೇಳ್ಬೇಕು ಅಂತ ರೆಡಿ ಮಾಡ್ಕೊಂಡಿದ್ದೆ. ಅವರು ಮೊದ್ಲೇ ಕೇಳಿದ್ರು, 'ತಲುಪಿದ್ರಾ? ದಾರೀಲಿ ನಾಲೆ ಸಿಕ್ತಾ? ನೀರಿತ್ತಾ?'

ಇತ್ತು ಅಂಕಲ್ ಅಂದೆ.

'ಎಷ್ಟಿತ್ತು?' ಅಂದ್ರು. ನನ್ನ ಹತ್ರ ವಿಡಿಯೋ ಇತ್ತಲ್ಲ, ಕಳಿಸ್ದೆ. ಅದನ್ನ ಇಟ್ಕೊಂಡು ಮುಕ್ಕಾಲು ಗಂಟೆ ಮಾತಾಡಿದ್ರು, ಅವನ ಫೋನಿನ ಚಾರ್ಜ್ ಮುಗಿಯೋ ತನಕ.

ಎರಡನೇ ದಿನ ಕುಣಿಗಲ್ಲಿಂದ ಹುಲಿಯೂರುದುರ್ಗ, ಮದ್ದೂರು. ಒಂದೇ ಗೇರಲ್ಲಿ ಆ ಏರುಗಳನ್ನ ಹೇಗೆ ಹತ್ತಿದ್ವಿ ಅನ್ನೋದು ಮುಂದಿನ ವಾರ.